ರಾಯಚೂರು ಕಡೆ ಲೈಲಾಕ್ ಗಿಡ ಅಂತ ಮಾರಲು ಬಂದರೆ ತಗೋಬೇಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಯಾರಾದರೂ ಅಂಗಳದಲ್ಲಿ ಲೈಲಾಕ್ (ತಣ್ಣನೆಯ ಸೀಮೆಯ, ಘಮಘಮಿಸುವ ನೇರಳೆ ಗೊಂಚಲು ಹೂವಿನ ಪೊದೆ) ಹಚ್ಚುವ ಯೋಚನೆಯಲ್ಲಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಮ್ಮ ಬಿಸಿಲಿಗೆ ಅದು ಬರುವ ಗಿಡವೇ ಅಲ್ಲ. ಇಲ್ಲಿ ಆ ಹೆಸರಲ್ಲಿ ಸಿಗುವುದು ಒಂದೋ ಸಾಯುವ ಗಿಡ, ಇಲ್ಲಾ ಬೇರೆ ಯಾವುದೋ ಗಿಡ. ನಮಗೆ ಎರಡೂ ಸಿಕ್ಕವು.

ಚಳಿಗಾಲದಲ್ಲಿ ರಸ್ತೆ ಬದಿ ಟೆಂಟ್ ಹಾಕಿಕೊಂಡು ಕೂರುವ ಗಿಡದ ವ್ಯಾಪಾರಿಗಳನ್ನು ನೀವೂ ನೋಡಿರುತ್ತೀರಿ. ಮುಂದೆ ದಪ್ಪನೆಯ ಫೋಟೋ ಆಲ್ಬಮ್ ಇರುತ್ತದೆ. ಅದರಲ್ಲಿ ನೀಲಿ ಗುಲಾಬಿ, ಕುಂಡದಲ್ಲೇ ಬಿಟ್ಟ ಸೇಬು, ಒಂದೇ ಗಿಡದಲ್ಲಿ ಐದು ಬಣ್ಣದ ಹೂ. ಕೈಗೆ ಕೊಡುವುದು ಮಾತ್ರ ಎಲೆ ಇಲ್ಲದ ಕಡ್ಡಿ. ಬೇರಿಗೆ ಒದ್ದೆ ಪಾಚಿ ಸುತ್ತಿ ದಾರ ಕಟ್ಟಿರುತ್ತಾರೆ. ನಮ್ಮ ಮನೆಯವರಿಗೆ ನೇರಳೆ ಬಣ್ಣದ ಗೊಂಚಲು ಹೂವಿನ ಫೋಟೋ ತೋರಿಸಿ, ‘ಕಾಶ್ಮೀರದ ಲೈಲಾಕ್, ಮನೆ ತುಂಬ ಘಮ, ಎಂಥ ಬಿಸಿಲಿಗೂ ಜಗ್ಗಲ್ಲ’ ಅಂದಿದ್ದಾರೆ. ಕಡ್ಡಿ ಒಂದಕ್ಕೆ 650 ರೂಪಾಯಿ, ಮೂರು ಕಡ್ಡಿ. ಬಿಲ್ ಇಲ್ಲ, ಅಂಗಡಿಯ ಹೆಸರಿಲ್ಲ, ಒಂದು ಫೋನ್ ನಂಬರ್ ಅಷ್ಟೇ.

ಮೂರೂ ಚಿಗುರಿದವು. ಮೋಸ ಇರುವುದೇ ಇಲ್ಲಿ. ತಣ್ಣನೆಯ ಊರಿನಿಂದ ಕಿತ್ತು ತಂದ ಕಡ್ಡಿ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದಲೇ ಒಮ್ಮೆ ಎಲೆ ಬಿಡುತ್ತದೆ. ಎಲೆ ನೋಡಿ ನಾವು ಖುಷಿಪಡುವ ಹೊತ್ತಿಗೆ ಟೆಂಟ್ ಖಾಲಿಯಾಗಿರುತ್ತದೆ. ಎರಡು ಗಿಡದ ಎಲೆ ಹೃದಯದ ಆಕಾರದಲ್ಲಿ, ನುಣುಪಾಗಿ, ಎದುರುಬದುರು ಜೋಡಿಯಾಗಿ ಬಂದವು. ಅವು ನಿಜವಾದ ಲೈಲಾಕ್ ಗಿಡಗಳೇ. ಮಾರ್ಚ್ ಮುಗಿಯುವಷ್ಟರಲ್ಲಿ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಫೋನ್ ಮಾಡಿದರೆ ‘ಬೇರಿಗೆ ಐಸ್ ಹಾಕಿ’ ಅಂದರು. ಹಸಿರು ನೆಟ್ ಕಟ್ಟಿದೆವು, ಬೆಳಿಗ್ಗೆ ಸಂಜೆ ನೀರು ಕೊಟ್ಟೆವು. ನಮ್ಮದು ಎರೆ ಮಣ್ಣು, ನೀರು ಬಸಿಯುವುದೇ ಕಷ್ಟ. ಮೇಲೆ ಬಿಸಿಲು, ಕೆಳಗೆ ಕೊಳೆತ. ಮೇ ತಿಂಗಳಲ್ಲಿ ಎರಡೂ ಒಣಗಿದವು. ಅಷ್ಟರಲ್ಲಿ ಆ ನಂಬರೂ ಸ್ವಿಚ್ ಆಫ್.

ಐಸ್ ಯಾಕೆ ಕೆಲಸಕ್ಕೆ ಬರಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಳೆ ಇನ್ನೊಬ್ಬರು ಬಂದು ನಿಮಗೂ ಇದನ್ನೇ ಹೇಳಬಹುದು. ಲೈಲಾಕ್ ಮೂಲದಲ್ಲಿ ಯುರೋಪಿನ ಬಾಲ್ಕನ್ ಗುಡ್ಡಗಳ ಗಿಡ. ಈ ವರ್ಷ ಅರಳುವ ಹೂವಿಗೆ ಮೊಗ್ಗು ಕಟ್ಟುವುದು ಹೋದ ಬೇಸಿಗೆಯಲ್ಲೇ. ಆ ಮೊಗ್ಗು ಚಳಿಗಾಲ ಪೂರ್ತಿ ಮಲಗಿರುತ್ತದೆ. ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗಿನ ಚಳಿ ತಗುಲಿದರೆ ಮಾತ್ರ ಸರಿಯಾಗಿ ಎಚ್ಚರಾಗಿ ಅರಳುತ್ತದೆ. ಚಳಿ ಬೇಕಿರುವುದು ರೆಂಬೆಯ ಮೇಲಿನ ಮೊಗ್ಗಿಗೆ, ಬುಡದ ಮಣ್ಣಿಗಲ್ಲ. ರಾಯಚೂರಲ್ಲಿ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಬೇಸಿಗೆಯಲ್ಲಿ ಹಗಲು 40 ದಾಟುತ್ತದೆ. ಹೇಗೋ ನೆರಳು ಮಾಡಿ ಗಿಡ ಉಳಿಸಿಕೊಂಡರೂ ಹೂ ಬಿಡಲ್ಲ. ಹೂ ಬಿಡದ ಲೈಲಾಕ್ ನೋಡಲು ಸುಮ್ನೆ ಒಂದು ಹಸಿರು ಪೊದೆ ಅಷ್ಟೇ.

‘ಇದು ಕಡಿಮೆ ಚಳಿ ಸಾಕಾಗುವ ತಳಿ’ ಅಂತಲೂ ಕೆಲವರು ಹೇಳುತ್ತಾರೆ. ಅಂಥ ತಳಿಗಳು ಇರುವುದು ನಿಜ. ಲ್ಯಾವೆಂಡರ್ ಲೇಡಿ ಅನ್ನುವುದನ್ನು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದರು. ಆದರೆ ಅಲ್ಲಿನ ಚಳಿಗಾಲದ ರಾತ್ರಿ ನಮ್ಮದಕ್ಕಿಂತ ಎಷ್ಟೋ ತಂಪು. ವ್ಯಾಪಾರಿ ಹೇಳಿದ್ದರಲ್ಲಿ ಒಂದೇ ಒಂದು ಅರ್ಧ ಸತ್ಯ ಇತ್ತು. ಸುಣ್ಣದ ಅಂಶ ಇರುವ ಮಣ್ಣು ಲೈಲಾಕ್‌ಗೆ ಆಗುತ್ತದೆ, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಮಣ್ಣೊಂದೇ ಇದ್ದರೆ ಆಯ್ತಾ?

ಮೂರನೇ ಕಡ್ಡಿಯ ಕತೆ ಇನ್ನೂ ಕೆಟ್ಟದ್ದು. ಅದು ಸಾಯಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕಾಂಪೌಂಡ್ ಗೋಡೆ ದಾಟಿತು. ಪಕ್ಕದ ಮನೆಗೆ ಬಂದಿದ್ದ ಹೊಲದ ಯಜಮಾನರೊಬ್ಬರು ನೋಡಿ, ‘ಇದು ಹುಚ್ಚುಬೇವು ಐತಲ್ರೀ ಅಕ್ಕಾರ, ಇದಕ್ಕ ಯಾಕ ರೊಕ್ಕ ಕೊಟ್ರಿ?’ ಅಂದರು. ಇಂಗ್ಲಿಷಿನಲ್ಲಿ ಇದಕ್ಕೂ ಪರ್ಷಿಯನ್ ಲೈಲಾಕ್ ಅನ್ನುತ್ತಾರೆ. ಆ ಹೆಸರನ್ನು ಹಿಡಿದೇ ಮಾರುತ್ತಾರೆ. ಹೂ ನಸು ನೇರಳೆ, ವಾಸನೆಯೂ ಇದೆ, ಬೈಯಲೂ ಆಗದ ಹಾಗೆ. ಆದರೆ ಇದು ದೊಡ್ಡ ಮರವಾಗುತ್ತದೆ. ಗೊಂಚಲಾಗಿ ಬಿಡುವ ಹಳದಿ ಹಣ್ಣು ವಿಷ. ತಿಂದರೆ ವಾಂತಿ, ಭೇದಿ, ಜಾಸ್ತಿಯಾದರೆ ನರಗಳಿಗೂ ಪೆಟ್ಟು. ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ದನಕರು ಬರುತ್ತವೆ. ಹಣ್ಣು ಬಿಡುವ ಮುಂಚೆಯೇ ಬೇರು ಸಮೇತ ತೆಗೆಸಿದೆವು. ಕೂಲಿ ಖರ್ಚು ಬೇರೆ.

ಗುರುತು ಹಿಡಿಯುವುದು ಕಷ್ಟವಿಲ್ಲ, ಎಲೆ ಇದ್ದರೆ. ಒಂದು ಕಡ್ಡಿಯಿಂದ ಬೇವಿನ ಹಾಗೆ ಸಣ್ಣ ಎಲೆಗಳು ಕವಲು ಕವಲಾಗಿ ಹರಡಿದ್ದರೆ ಅದು ಲೈಲಾಕ್ ಅಲ್ಲ. ಲೈಲಾಕ್ ಹೂವಿಗೆ ನಾಲ್ಕು ಎಸಳು, ಹುಚ್ಚುಬೇವಿಗೆ ಸಾಮಾನ್ಯವಾಗಿ ಐದು. ಎಲೆ ಇಲ್ಲದ ಕಡ್ಡಿಯನ್ನು ಯಾರಿಂದಲೂ ತಗೋಬೇಡಿ.

ಆನ್‌ಲೈನ್‌ನಲ್ಲಿ ಸಿಗುವ ಬೀಜದ ಪೊಟ್ಟಣದ ಕಡೆಗೂ ಹೋಗಬೇಡಿ. ಲೈಲಾಕ್ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಮೊದಲು ಒಂದೆರಡು ತಿಂಗಳು ತೇವದ ಜೊತೆ ಚಳಿಯಲ್ಲಿರಬೇಕು. ಹೂ ನೋಡಲು ವರ್ಷಗಟ್ಟಲೆ ಕಾಯಬೇಕು. ‘90 ದಿನಕ್ಕೆ ಹೂ’ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು. ಹೊರದೇಶದಿಂದ ಗಿಡ, ಬೀಜ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಮತ್ತು ರೋಗವಿಲ್ಲ ಎಂಬ ಪ್ರಮಾಣಪತ್ರ ಬೇಕು. ಹೊರಗಿನ ಮಾಲು ಅಂದವರನ್ನು ಆ ಕಾಗದ ಕೇಳಿ.

ನೇರಳೆ ಗೊಂಚಲು ಬೇಕೇ ಬೇಕು ಅನ್ನುವವರು ಕ್ರೇಪ್ ಮರ್ಟಲ್ ಹಾಕಿ. ಬಿಸಿಲು ಬಿದ್ದಷ್ಟೂ ಚೆನ್ನಾಗಿ ಬರುತ್ತದೆ. ಲೈಲಾಕ್ ಥರ ಘಮ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಚಿಗುರಿನಲ್ಲೇ ಹೂ ಬರುವುದರಿಂದ ಚಳಿಗಾಲದ ಕೊನೆಗೆ ಸವರಿದರೆ ಸಾಕು. ನೀರಿಗೆ ತೊಂದರೆ ಇರುವ ಕಡೆ ನಮ್ಮ ಲಕ್ಕಿ ಗಿಡವೇ ವಾಸಿ. ಹಳ್ಳದ ದಂಡೆಯಿಂದ ಒಂದು ರೆಂಬೆ ಮುರಿದು ತಂದು ಮಳೆಗಾಲದಲ್ಲಿ ನೆಟ್ಟರೆ ಹತ್ತುತ್ತದೆ. ತಿಳಿ ನೇರಳೆ ಹೂವಿನ ಕಡ್ಡಿಗಳು ಬರುತ್ತವೆ, ಆಡುಗಳೂ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.