ಬೀದರಿನ ಒಂದು ದಿನದ ‘ಪರಿಸರಸ್ನೇಹಿ’ ಪ್ರವಾಸ

ಬೀದರಿನ ಖಾಸಗಿ ಸಂಸ್ಥೆಯೊಂದು ನಡೆಸುವ ಈ ಪ್ರವಾಸಕ್ಕೆ ಕಳೆದ ತಿಂಗಳು ಮನೆಮಂದಿಯೆಲ್ಲ ಹೋಗಿದ್ದೆವು. ಸ್ಥಳಗಳ ಆಯ್ಕೆ ನಿಜಕ್ಕೂ ಮೆಚ್ಚುವಂಥದ್ದು. ಸಿಖ್ಖರ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಸಾಮೂಹಿಕ ದಾಸೋಹದಲ್ಲಿ, ನೆಲದ ಮೇಲೆ ಸಾಲಾಗಿ ಕುಳಿತು ಉಂಡೆವು. ಬೇಕೆಂದವರಿಗೆ ಬೇಕಾದಷ್ಟೇ ಬಡಿಸಿ, ತಟ್ಟೆಗಳನ್ನು ತೊಳೆದು ಮತ್ತೆ ಬಳಸುವ ಆ ಕ್ರಮದಲ್ಲಿ ಎಸೆಯಲು ಒಂದು ಲೋಟವೂ ಉಳಿಯಲಿಲ್ಲ. ಆದರೆ ಎಲ್ಲರಿಗೂ ಉಚಿತವಾದ ಈ ಪ್ರಸಾದವನ್ನು ಸಂಸ್ಥೆಯವರು ಶುಲ್ಕದ ಪಟ್ಟಿಯಲ್ಲಿ ‘ಮಧ್ಯಾಹ್ನದ ಊಟ’ ಎಂದು ಸೇರಿಸಿದ್ದು ನನಗೆ ಸರಿಬರಲಿಲ್ಲ.

ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನಲ್ಲಿ ಮಾರ್ಗದರ್ಶಿಯ ವಿವರಣೆ ಸೊಗಸಾಗಿತ್ತು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬರುವ ವಾಡಿಕೆಯನ್ನು ಕೇಳುವಾಗ, ಎ.ಸಿ. ವಾಹನದಲ್ಲಿ ಬಂದಿಳಿದ ನಮಗೆ ತುಸು ಸಂಕೋಚವೇ ಆಯಿತು.

ನೌಬಾದಿನ ಕರೇಜ್‌ನಲ್ಲಿ, ಅಂದರೆ ಅಂತರ್ಜಲವನ್ನು ನೆಲದಡಿಯ ಇಳಿಜಾರಿನಲ್ಲೇ ಊರಿಗೆ ಹರಿಸುತ್ತಿದ್ದ 15ನೆಯ ಶತಮಾನದ ಸುರಂಗ ಬಾವಿಯಲ್ಲಿ, ಗಾಳಿಕಿಂಡಿಯೊಳಗೆ ಬಗ್ಗಿ ನೋಡುತ್ತಿದ್ದಾಗ ಪ್ರತಿಯೊಬ್ಬರ ಕೈಗೂ ಪ್ಲಾಸ್ಟಿಕ್ ನೀರಿನ ಬಾಟಲಿ ಬಂತು. ಖಾಲಿ ಬಾಟಲಿ ಹಾಕಲು ವಾಹನದಲ್ಲಿ ಒಂದು ಚೀಲವೂ ಇರಲಿಲ್ಲ. ಹೋಗುವವರು ಮನೆಯಿಂದಲೇ ನೀರು ಒಯ್ಯುವುದು ಮೇಲು.