ಬಳ್ಳಾರಿಯಲ್ಲಿ ‘ಒರಿಜಿನಲ್ ಸ್ವಿಸ್’ ಚಾಕು ಅಂತ ತೋರಿಸಿದ್ರೆ ಮುಂದಿನ ಅಂಗಡಿಗೆ ನಡೀರಿ

ಜೇಬಲ್ಲಿ ಇಟ್ಟುಕೊಳ್ಳೋಕೆ ಸಣ್ಣ ಚಾಕು ತಗೊಳ್ಳೋ ಯೋಚನೆ ಇರೋರು ಮೊದಲು ಇದನ್ನು ಓದಿ. ಕೆಂಪು ಹಿಡಿ, ಅದರ ಮೇಲೆ ಬಿಳಿ ಪ್ಲಸ್ ಗುರುತು, ‘ಒರಿಜಿನಲ್ ಸ್ವಿಸ್’ ಅನ್ನೋ ಮಾತು. ಇದನ್ನು ನಂಬಿ ನನ್ನ 1,300 ರೂಪಾಯಿ ಹೋಗಿದೆ. ದುಡ್ಡು ಹೋದದ್ದು ಒಂದು ಕಡೆ. ಆಮೇಲೆ ಆ ಅಂಗಡಿಯವನು ಆಡಿದ ಮಾತಿದೆಯಲ್ಲ, ಅದು ಇನ್ನೂ ಉರಿಯುತ್ತಿದೆ.

ನಾನು ಇಲ್ಲಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಗೋಡೌನ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೂ ಏನಾದರೂ ಕತ್ತರಿಸುತ್ತಲೇ ಇರಬೇಕು. ಬಟ್ಟೆ ರೋಲಿನ ಪ್ಲಾಸ್ಟಿಕ್, ಬಾಕ್ಸಿನ ಟೇಪು, ಗಂಟಿನ ಹಗ್ಗ, ಪ್ಯಾಂಟಿನಲ್ಲಿ ಜೋತು ಬಿದ್ದಿರೋ ದಾರ. ಕಟ್ಟರ್ ಇಟ್ಟ ಕಡೆ ಇರಲ್ಲ, ಯಾರೋ ಎತ್ತಿಕೊಂಡು ಹೋಗಿರ್ತಾರೆ. ಅದಕ್ಕೇ ನನ್ನದೇ ಒಂದು ಇರಲಿ, ಹಗುರ ಇರಲಿ, ಪ್ಯಾಂಟ್ ಜೇಬು ಜೋತು ಬೀಳದಂತಿರಲಿ ಅಂತ ಹುಡುಕಲು ಹೊರಟೆ. ಇಷ್ಟೇ ಬೇಕಿದ್ದದ್ದು.

ಬೀಗ, ಟಾರ್ಚು, ಸ್ಕ್ರೂಡ್ರೈವರ್ ಮಾರೋ ಅಂಗಡಿ. ಹೆಸರು ಬರೆಯಲ್ಲ, ಕೇಳಬೇಡಿ. ಮೊದಲು ತೋರಿಸಿದ್ದು ಬಟನ್ ಒತ್ತಿದ್ರೆ ಚಟ್ ಅಂತ ಹೊರಗೆ ಬರೋ ಚಾಕು. ಬೇಡ ಅಂದೆ. ಆಯುಧ ನಿಯಮಗಳಲ್ಲಿ ಲೈಸೆನ್ಸ್ ಮಾತು ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಅಲಗಿಗೆ. ಮನೆ, ಹೊಲ, ಕಾರ್ಖಾನೆ ಕೆಲಸದ ಚಾಕು ಅದರಿಂದ ಹೊರಗೆ. ಅದೆಲ್ಲ ಸರಿ. ಆದರೆ ರಾತ್ರಿ ಪೊಲೀಸರು ಗಾಡಿ ನಿಲ್ಲಿಸಿ ಜೇಬು ನೋಡಿದಾಗ, ಬಟನ್ ಚಾಕು ಹಿಡಿದುಕೊಂಡು ನಿಯಮ ಹೇಳುತ್ತಾ ನಿಲ್ಲೋಕಾಗುತ್ತಾ?

ಆಗ ಕೌಂಟರ್ ಕೆಳಗಿಂದ ಕೆಂಪು ಚಾಕು ತೆಗೆದ. “ನೋಡ್ರಿ ಅಣ್ಣ, ಇದು ವಿಕ್ಟೋರಿನಾಕ್ಸ್. ಒರಿಜಿನಲ್ ಸ್ವಿಸ್. ಮಿಲಿಟ್ರಿಯವರು ಇಟ್ಕೊಳ್ಳೋದು. ಎಲ್ಲರಿಗೂ ತೋರಿಸಲ್ಲ ನಾನು.” ವಿಕ್ಟೋರಿನಾಕ್ಸ್ ಅಂದರೆ ಸ್ವಿಟ್ಜರ್ಲೆಂಡಿನ ಚಾಕು ಕಂಪನಿ. ನ್ಯೂಸ್ ಪೇಪರ್ ತಗೊಂಡು ಸರ್ ಅಂತ ಸೀಳಿ ತೋರಿಸಿದ. 1,800 ಅಂದ. ನಾನು 1,000 ಅಂದೆ. ಮುಖ ಸಣ್ಣ ಮಾಡಿಕೊಂಡು ಒಳಗಿದ್ದ ಹುಡುಗನನ್ನು ಕರೆದು, “ಇದರ ಖರೀದಿ ಎಷ್ಟೋ?” ಅಂದ. ಅವನು ಅಲ್ಲಿಂದಲೇ “1,250” ಅಂತ ಕೂಗಿದ. “ಐವತ್ತು ರೂಪಾಯಿ ಆದ್ರೂ ಉಳಿಸ್ಕೊಡ್ರಿ ಅಣ್ಣ” ಅಂತ 1,300ಕ್ಕೆ ಕೊಟ್ಟ. ಈಗ ಯೋಚಿಸಿದರೆ ಗೊತ್ತಾಗುತ್ತೆ, ಆ ಹುಡುಗ ದಿನಾ ಎಷ್ಟು ಜನರಿಗೆ ಅದೇ 1,250 ಕೂಗುತ್ತಾನೋ! ಎಷ್ಟು ಚೆನ್ನಾಗಿ ಕಲಿಸಿದ್ದಾನೆ.

ಬಿಲ್ ಕೇಳಿದೆ. ಕೇಳಿದೆ, ಇದನ್ನು ಒತ್ತಿ ಹೇಳುತ್ತೇನೆ. ಒಂದು ಚೀಟಿ ಹರಿದು “ಐಟಂ 1 – 1300” ಅಂತ ಗೀಚಿ ಕೊಟ್ಟ. ಅಂಗಡಿ ಹೆಸರಿಲ್ಲ, ಚಾಕು ಅಂತಲೂ ಇಲ್ಲ.

ಗೋಡೌನ್‌ನಲ್ಲಿ ಬಾಕ್ಸಿನ ಪ್ಲಾಸ್ಟಿಕ್ ಪಟ್ಟಿ ಕೊಯ್ಯೋಕೆ ಹೋದೆ. ಅಲಗು ಹಾಗೇ ಮಡಚಿಕೊಂಡು ತೋರುಬೆರಳ ಮೇಲೆ ಕೂತಿತು. ಆಳವಾಗೇನೂ ಆಗಲಿಲ್ಲ, ಆದರೆ ರಕ್ತ ಬಂತು. ಪಕ್ಕದಲ್ಲಿದ್ದ ಟೈಲರ್ ಅಣ್ಣ ಚಾಕು ಇಸ್ಕೊಂಡು ಬೆರಳಿಂದ ಬಿಳಿ ಗುರುತು ಉಜ್ಜಿದ. ಅದು ಸಿಪ್ಪೆ ಥರ ಎದ್ದು ಬಂತು. ಸ್ಟಿಕ್ಕರ್! ಎಲ್ಲರೂ ನಗ್ತಾ ಇದ್ದಾರೆ, ನಾನು ಬೆರಳಿಗೆ ಕರ್ಚೀಫ್ ಸುತ್ತಿಕೊಂಡು ನಿಂತಿದ್ದೇನೆ. “ಸ್ವಿಟ್ಜರ್ಲೆಂಡ್ ಉದುರಿಹೋಯ್ತಲ್ಲೋ” ಅಂದ ಒಬ್ಬ. ಈಗ ಗೋಡೌನ್‌ನಲ್ಲಿ ನನ್ನ ಹೆಸರೇ ಸ್ವಿಸ್ ಆಗಿದೆ.

ಸಂಜೆ ಬಂಗಾರದ ಅಂಗಡಿಯಲ್ಲಿ ಕೆಲಸ ಮಾಡೋ ಗೆಳೆಯನ ಹತ್ತಿರ ಹೋಗಿ ಅವರ ತಕ್ಕಡಿಯಲ್ಲೇ ಇಡಿಸಿದೆ. 134 ಗ್ರಾಂ. ಹಗುರ ಇರಲಿ ಅಂತ ಹೋಗಿದ್ದೆನಲ್ಲ, ಹಗುರ! ಅಸಲಿ ವಿಕ್ಟೋರಿನಾಕ್ಸ್‌ನಲ್ಲಿ ಕ್ಲಾಸಿಕ್ ಎಸ್‌ಡಿ ಅಂತ ಒಂದಿದೆ. ಮಡಚಿದಾಗ 58 ಮಿಲಿಮೀಟರ್ ಉದ್ದ, ತೂಕ ಸುಮಾರು 21 ಗ್ರಾಂ. ಅಷ್ಟರಲ್ಲೇ ಅಲಗು, ಕತ್ತರಿ, ಉಗುರು ಉಜ್ಜೋ ಅರ, ಚಿಮಟ ಎಲ್ಲ ಇರುತ್ತೆ. ಅದಕ್ಕಿಂತ ದೊಡ್ಡ ಸ್ಪಾರ್ಟನ್, 91 ಮಿಲಿಮೀಟರಿನದು, ಅದೂ 60 ಗ್ರಾಂ ಆಸುಪಾಸು. ನನ್ನದು ಅದರ ಎರಡರಷ್ಟಕ್ಕಿಂತ ಜಾಸ್ತಿ. ಅಸಲಿಯಲ್ಲಿ ಅಲಗಿನ ಬುಡದಲ್ಲಿ ಕಂಪನಿ ಹೆಸರು, ‘ಸ್ವಿಸ್ ಮೇಡ್’ ಅಂತ ಒತ್ತಿರುತ್ತಾರೆ. ನನ್ನದರಲ್ಲಿ ಬರೀ ‘ಸ್ಟೇನ್‌ಲೆಸ್’. ಅದೂ ಸುಳ್ಳೇ. ನಿಂಬೆಹಣ್ಣು ಕೊಯ್ದು ಒರೆಸಿ ಇಟ್ಟಿದ್ದೆ, ಬೆಳಿಗ್ಗೆ ನೋಡಿದರೆ ತುಕ್ಕಿನ ಚುಕ್ಕೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕ್ಲಾಸಿಕ್, ಸ್ಪಾರ್ಟನ್ ಎರಡರಲ್ಲೂ ಅಲಗಿಗೆ ಲಾಕ್ ಇರಲ್ಲ. ಸ್ಪ್ರಿಂಗ್ ಬಿಗಿಯಲ್ಲೇ ನಿಲ್ಲುತ್ತೆ. ಆದರೆ ಆ ಬಿಗಿ ಗಟ್ಟಿ ಇರುತ್ತೆ, ತೆಗೆದಾಗ ಟಕ್ ಅನ್ನುತ್ತೆ. ನನ್ನದು ತೆಗೆದರೂ ಸದ್ದಿಲ್ಲ, ಮಡಚಿದರೂ ಸದ್ದಿಲ್ಲ.

ವಾಪಸ್ ಹೋದೆ. ಇಲ್ಲಿಂದ ಅವನ ಮಾತು ಕೇಳಿ.

“ಪಟ್ಟಿ ಕೊಯ್ಯೋಕೆ ಯಾರು ಹೇಳಿದ್ರು ಅಣ್ಣ? ಇದು ಸೇಬು ಹಣ್ಣು ಕೊಯ್ಯೋದು.” ಮಿಲಿಟ್ರಿಯವರು ಸೇಬು ತಿನ್ನೋಕೆ ಇಟ್ಕೊಳ್ತಾರಾ ಅಂತ ಕೇಳಿದೆ. ಉತ್ತರ ಇಲ್ಲ. ಒರಿಜಿನಲ್ ಅಂದ್ರಲ್ಲ ಅಂದೆ. “ಒರಿಜಿನಲ್ಲೇ ಅದು. ಅದರಲ್ಲಿ ಫಸ್ಟ್ ಕ್ವಾಲಿಟಿ, ಸೆಕೆಂಡ್ ಕ್ವಾಲಿಟಿ ಅಂತ ಇರ್ತಾವು.” ಸ್ಟಿಕ್ಕರ್ ಕಿತ್ತು ಬಂತಲ್ಲ ಅಂದರೆ, “ನಿಮ್ಮ ಕೈ ಬೆವರು ಜಾಸ್ತಿ ಅನ್ಸುತ್ತೆ ನೋಡ್ರಿ.” ಬಳ್ಳಾರಿ ಬಿಸಿಲಲ್ಲಿ ಬೆವರದೆ ಇರೋ ಕೈ ಯಾವುದು ಸ್ವಾಮಿ? ಕೊನೆಗೆ ಗೋಡೆ ಮೇಲಿನ ಬೋರ್ಡು ತೋರಿಸಿದ: ‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.’

ಈ ಬೋರ್ಡು ಊರೆಲ್ಲ ಇದೆ. ಕೆಟ್ಟ ಮಾಲಿನ ವಿಷಯದಲ್ಲಿ ಅದು ನಡೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲು ವಾಪಸ್ ತಗೊಳ್ಳಲ್ಲ ಅನ್ನೋದೂ ತಪ್ಪು, ಬಿಲ್ ಕೊಡದೆ ಇರೋದೂ ತಪ್ಪು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲ ಅಂದರೆ 30 ದಿನ ಅಂತಿದೆ. ಇದನ್ನೇ ಹೇಳಿದೆ. ಅವನು ಚೂರೂ ಅಲುಗಲಿಲ್ಲ. “ಹೌದೇನ್ರಿ? ಬಿಲ್ ತೋರಿಸ್ರಿ.” ನಾನು ಚೀಟಿ ತೋರಿಸಿದೆ. “ಇದು ನಮ್ಮ ಅಂಗಡಿದು ಅಂತ ಎಲ್ಲಿ ಬರೆದದ ಅಣ್ಣ?”

ಬರೆದುಕೊಟ್ಟವನು ಅವನೇ! ಅವನ ಕೈಬರಹವೇ! ನನಗೆ ಮಾತೇ ಹೊರಡಲಿಲ್ಲ. ಹಿಂದೆ ನಿಂತಿದ್ದ ಗಿರಾಕಿ ಬೇರೆ “ಸ್ವಲ್ಪ ಸರೀರಿ” ಅಂದ.

ನೀವು ತಗೊಳ್ಳೋದಾದರೆ ಕಂಪನಿ ವೆಬ್‌ಸೈಟಿನಲ್ಲಿ ಮಾದರಿ, ತೂಕ, ಬೆಲೆ ನೋಡಿಕೊಂಡು ಹೋಗಿ. ಅಲಗಿನ ಬುಡ ಓದಿ. ಗುರುತನ್ನು ಉಗುರಿಂದ ಕೆರೆಯಿರಿ, ಮುಖ ಗಂಟು ಹಾಕಿದರೂ ಕೆರೆಯಿರಿ. ಪೇಪರ್ ಸೀಳಿ ತೋರಿಸಿದರೆ ನಂಬಬೇಡಿ, ಹೊಸ ಬ್ಲೇಡು ಯಾವುದಾದರೂ ಪೇಪರ್ ಸೀಳುತ್ತೆ. ಮಾದರಿ ಹೆಸರು ಬರೆದ ಜಿಎಸ್‌ಟಿ ಬಿಲ್ ಕೊಡಲ್ಲ ಅಂದರೆ ಚಾಕು ಕೌಂಟರ್ ಮೇಲೇ ಬಿಡಿ. ಒಳಗಿಂದ ಹುಡುಗ ಖರೀದಿ ರೇಟ್ ಕೂಗಿದರೆ ಕಾಯಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಆ ಚೀಟಿ, ಸ್ಟಿಕ್ಕರ್, ಚಾಕು ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಇದೇ ಥರ ‘ಐಟಂ 1’ ಚೀಟಿ ಬೇರೆ ಯಾರಿಗಾದರೂ ಸಿಕ್ಕಿದ್ದರೆ ನೀವೂ ದೂರು ಕೊಡಿ. ಒಬ್ಬನೇ ಹೋದರೆ ‘ನಮ್ಮದಲ್ಲ’ ಅನ್ನುತ್ತಾನೆ. ಒಂದೇ ಕೈಬರಹದ ನಾಲ್ಕು ಚೀಟಿ ಇಟ್ಟರೆ ಏನು ಹೇಳ್ತಾನೋ ನೋಡೋಣ.