ಅರೆತೇವದ ಮಣ್ಣಿನಲ್ಲಿ ಪೈಲ್ ಟೆಸ್ಟ್: ಭಾರ ಹೇರುವುದೋ, ಹೊಡೆದು ನೋಡುವುದೋ?

ಪೈಲ್ ಅಂದರೆ ಕಟ್ಟಡದ ಭಾರವನ್ನು ಆಳದ ಮಣ್ಣಿಗೆ ಇಳಿಸುವ ಅಡಿಪಾಯದ ಕಂಬ. ಅದು ಎಷ್ಟು ಭಾರ ತಡೆಯುತ್ತದೆ ಎಂದು ನೋಡುವ ಎರಡು ಬಗೆಯ ಟೆಸ್ಟನ್ನೂ ಒಂದೇ ಸೈಟಿನಲ್ಲಿ ಮಾಡಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಒಂದು, ಜಾಕ್ ಇಟ್ಟು ನಿಧಾನವಾಗಿ ಒತ್ತುವ ಸ್ಟ್ಯಾಟಿಕ್ ಟೆಸ್ಟ್. ಇನ್ನೊಂದು, ಪೈಲಿನ ತಲೆಯ ಮೇಲೆ ತೂಕ ಬೀಳಿಸಿ ಅಲೆಯನ್ನು ಅಳೆಯುವ ಡೈನಮಿಕ್ ಟೆಸ್ಟ್. ಎಲ್ಲವೂ ನೆಲ ಕೊರೆದು ಕಾಂಕ್ರೀಟ್ ತುಂಬಿದ ಪೈಲ್‌ಗಳು. 600 ಮಿ.ಮೀ. ವ್ಯಾಸ, 12 ಮೀಟರ್ ಆಳ. ಅಂತರ್ಜಲ ಪೈಲಿನ ಬುಡಕ್ಕಿಂತ ಎಷ್ಟೋ ಕೆಳಗಿತ್ತು. ಹಾಗಾಗಿ ಸುತ್ತಲಿನ ಮಣ್ಣಿನ ಸಂದುಗಳಲ್ಲಿ ನೀರೂ ಇತ್ತು, ಗಾಳಿಯೂ ಇತ್ತು. ಇಡೀ ಕಥೆ ಇರುವುದು ಅಲ್ಲೇ.

ಒದ್ದೆ ಮರಳಿನಲ್ಲಿ ಕಟ್ಟಿದ ಗೂಡು ನಿಲ್ಲುತ್ತದೆ, ಅಲ್ವಾ? ಕಣಗಳ ನಡುವಿನ ಚೂರು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಆ ಎಳೆತವೇ ಸಕ್ಷನ್. ಮೇಲಿಂದ ನೀರು ಸುರಿದರೆ ಎಳೆತ ಹೋಗುತ್ತದೆ, ಗೂಡು ಕುಸಿಯುತ್ತದೆ. ಪೈಲಿನ ಪಕ್ಕದ ಮಣ್ಣಿಗೂ ಇದೇ ಬಲ. ಬೇಸಿಗೆಯಲ್ಲಿ ಜಾಸ್ತಿ, ಮಳೆ ಇಳಿದ ಮೇಲೆ ಕಡಿಮೆ.

ಸ್ಟ್ಯಾಟಿಕ್ ಟೆಸ್ಟಿಗೆ ಒದ್ದಾಟ ಜಾಸ್ತಿ. ಪೈಲ್ ಹೊರಬೇಕಾದ ಭಾರ 80 ಟನ್, ಅದರ ಎರಡು ಪಟ್ಟು ಒತ್ತಿ ನೋಡಬೇಕಿತ್ತು. 160 ಟನ್ ಒತ್ತಲು ಮೇಲೆ ಸುಮಾರು 200 ಟನ್ ಬ್ಲಾಕ್‌ಗಳನ್ನು ಜೋಡಿಸಿದೆವು. ಒಂದೊಂದು ಹಂತಕ್ಕೂ ಕುಸಿತ ನಿಲ್ಲುವ ತನಕ ಡಯಲ್ ಗೇಜ್ ನೋಡುತ್ತಾ ಕಾಯಬೇಕು. ಒಂದು ಪೈಲಿಗೆ ದಿನಗಳೇ ಹೋದವು. ಆದರೆ ಕೈಗೆ ಬಂದ ಗೆರೆಯಲ್ಲಿ ಊಹೆ ಏನೂ ಇರಲಿಲ್ಲ. ಇಷ್ಟು ಭಾರ, ಇಷ್ಟು ಕುಸಿತ, ಅಷ್ಟೇ.

ಡೈನಮಿಕ್‌ನಲ್ಲಿ ಅದೇ ಕೆಲಸ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಳೆಯಬೇಕಾದ ಭಾರದ ಶೇ. 1ರಿಂದ 2ರಷ್ಟು ತೂಕದ ಸುತ್ತಿಗೆ ಸಾಕು ಎನ್ನುವುದು ರೂಢಿ. ನಾವು 4 ಟನ್ ತಂದೆವು. ತಲೆಯಿಂದ ವ್ಯಾಸದ ಒಂದೂವರೆ ಪಟ್ಟು ಕೆಳಗೆ, ಎದುರುಬದುರು ಮಗ್ಗುಲಲ್ಲಿ ಸ್ಟ್ರೇನ್ ಗೇಜ್ (ಏಟಿಗೆ ಕಾಂಕ್ರೀಟ್ ಎಷ್ಟು ಕುಗ್ಗಿತು ಎಂದು ಅಳೆಯುವುದು) ಮತ್ತು ಆಕ್ಸಲರೋಮೀಟರ್ (ವೇಗ ಎಷ್ಟು ಬೇಗ ಬದಲಾಯಿತು ಎಂದು ಅಳೆಯುವುದು) ಕೂರಿಸಿದೆವು. ತಲೆಯ ಮೇಲೆ ಪ್ಲೈವುಡ್ ಮೆತ್ತೆ. ಮೊದಲು ಅರ್ಧ ಮೀಟರ್ ಎತ್ತರದಿಂದ ಬೀಳಿಸಿ, ಆಮೇಲೆ ಏರಿಸುತ್ತಾ ಹೋದೆವು. ಕಾಂಕ್ರೀಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4,000 ಮೀಟರ್. 12 ಮೀಟರ್ ಇಳಿದು ಮತ್ತೆ ಮೇಲೆ ಬರಲು 6 ಮಿಲಿಸೆಕೆಂಡ್. ಒಂದೇ ದಿನದಲ್ಲಿ ಮೂರು ಪೈಲ್ ಮುಗಿದವು.

ಆದರೆ ಈ ಟೆಸ್ಟಿನ ಅಂಕಿಗಳನ್ನು ಸುಮ್ನೆ ನಂಬಬಾರದು. ಬಲವನ್ನು ಇದು ನೇರವಾಗಿ ಅಳೆಯುವುದಿಲ್ಲ. ಸ್ಟ್ರೇನ್ ಅಳೆದು, ಕಾಂಕ್ರೀಟಿನ ಬಿಗಿತ (ಕುಗ್ಗದೆ ತಡೆಯುವ ಗುಣ) ಮತ್ತು ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸುತ್ತದೆ. ಕೊರೆದ ಪೈಲಿನಲ್ಲಿ ಎರಡೂ ಆಳಕ್ಕೆ ತಕ್ಕಂತೆ ಬದಲಾಗುತ್ತವೆ. ಎಲ್ಲೋ ಒಂದು ಕಡೆ ಕಾಂಕ್ರೀಟ್ ಉಬ್ಬಿದ್ದರೆ, ಅಲ್ಲಿಂದ ಮರಳುವ ಅಲೆ ಮಣ್ಣಿನ ಪ್ರತಿರೋಧದ ಹಾಗೇ ಕಾಣುತ್ತದೆ. ಸುರಿದ ಕಾಂಕ್ರೀಟಿನ ಲೆಕ್ಕ ಬರೆದಿಟ್ಟಿದ್ದರಿಂದ ನಾವು ಬಚಾವಾದೆವು. ಇನ್ನೊಂದು ಮಾತು: ಒಂದು ಏಟಿಗೆ ಪೈಲ್ 2-3 ಮಿ.ಮೀ. ಆದರೂ ಇಳಿಯದಿದ್ದರೆ ಮಣ್ಣಿನ ಪೂರ್ತಿ ಶಕ್ತಿ ಹೊರಬಂದಿಲ್ಲ ಎಂದರ್ಥ. ಆಗ ಬರುವ ಅಂಕಿ 'ಕನಿಷ್ಠ ಇಷ್ಟು' ಮಾತ್ರ. ಡ್ಯಾಂಪಿಂಗ್ ಅಂಕಿಯನ್ನಂತೂ (ಏಟಿನ ವೇಗದಿಂದಾಗಿಯೇ ಮಣ್ಣು ಕೊಡುವ ಹೆಚ್ಚುವರಿ ತಡೆಯ ಲೆಕ್ಕ) ಒಂದು ಸ್ಟ್ಯಾಟಿಕ್ ಟೆಸ್ಟಿನ ಜೊತೆ ತಾಳೆ ನೋಡದೆ ನಾನು ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ಎರಡೂ ಟೆಸ್ಟುಗಳ ಉತ್ತರ ಹತ್ತಿರ ಹತ್ತಿರ ಬಂದವು. ನಮಗೆಲ್ಲ ಖುಷಿಯಾಯಿತು. ಮಳೆ ಚೆನ್ನಾಗಿ ಇಳಿದ ಮೇಲೆ ಅದೇ ಪೈಲಿಗೆ ಮತ್ತೆ ಹೊಡೆದೆವು. ಮೇಲಿನ ಕೆಲವು ಮೀಟರ್‌ಗಳಲ್ಲಿ ಪಕ್ಕದ ಹಿಡಿತ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಬುಡದಲ್ಲಿ ಅಷ್ಟೇನೂ ಬದಲಾಗಿರಲಿಲ್ಲ. ಹಿಂದಿನ ಏಟುಗಳಿಂದಲೇ ಹಿಡಿತ ಸಡಿಲಾಯಿತೇ ಎಂಬ ಅನುಮಾನಕ್ಕೆ, ಮುಟ್ಟಿರದ ಪಕ್ಕದ ಪೈಲಿಗೂ ಹೊಡೆದು ನೋಡಿದೆವು. ಅಲ್ಲೂ ಅದೇ ಕಥೆ. ಡೈನಮಿಕ್‌ನ ನಿಜವಾದ ಲಾಭ ನನಗೆ ಕಂಡದ್ದು ಇಲ್ಲಿ. ಎರಡೂ ಕಾಲದಲ್ಲಿ ಬಂದು ಅಳೆಯಬಹುದು. 200 ಟನ್ ಬ್ಲಾಕ್ ಜೋಡಿಸಿ ಎರಡೆರಡು ಸಲ ಯಾರು ಮಾಡುತ್ತಾರೆ?

ಆಮೇಲೆ ಸ್ಟ್ಯಾಟಿಕ್‌ನ ಸರದಿ. ಮತ್ತೆ ಮಣ್ಣು ಒಣಗಿದ ಕಾಲದಲ್ಲಿ, ಇನ್ನೊಂದು ಪೈಲಿನ ಮೇಲೆ 80 ಟನ್ ಹಾಗೇ ಹಿಡಿದಿಟ್ಟು, ಸುತ್ತ ಗುಂಡಿ ತೋಡಿ 48 ಗಂಟೆ ನೀರು ನಿಲ್ಲಿಸಿದೆವು. ಒಂದು ಕೆ.ಜಿ. ಭಾರವನ್ನೂ ಹೆಚ್ಚಿಸಿರಲಿಲ್ಲ. ಆದರೂ ಗೇಜಿನ ಮುಳ್ಳು ಇಳಿಯತೊಡಗಿತು. ಸಡಿಲ ಹೆಣಿಗೆಯ ಮಣ್ಣು ಭಾರ ಹೊತ್ತಿರುವಾಗಲೇ ನೆನೆದು ಕುಗ್ಗುವುದು ಇದು. ಕೆಲವು ಮಿಲಿಸೆಕೆಂಡಿನ ಏಟು ಇದನ್ನು ಎಂದೂ ತೋರಿಸಲಾರದು. ಮಣ್ಣು ಕುಗ್ಗಲು ಹೊತ್ತು ಬೇಕು.

ಹಾಗಾಗಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ನೀರು ನಿಲ್ಲಿಸಿ ಮಾಡುವ ಸ್ಟ್ಯಾಟಿಕ್ ಟೆಸ್ಟನ್ನೇ. ನೆನೆದರೆ ಕುಸಿಯುವ ಮಣ್ಣಲ್ಲ ಎಂದು ಲ್ಯಾಬಿನಲ್ಲಿ ಖಾತ್ರಿಯಾಗಿದ್ದು, ಪೈಲ್‌ಗಳೂ ತುಂಬ ಇದ್ದರೆ, ಒಂದು ಸ್ಟ್ಯಾಟಿಕ್ ಸಾಕು. ಉಳಿದದ್ದಕ್ಕೆ ಡೈನಮಿಕ್.

ಯಾವುದೇ ಮಾಡಿ, ಆ ದಿನದ ತೇವ ಅಳೆಯುವುದನ್ನು ಮಾತ್ರ ಬಿಡಬೇಡಿ. ಸಕ್ಷನ್ ಅಳೆಯುವ ಟೆನ್ಸಿಯೋಮೀಟರ್ ಇದೆ, ಆದರೆ ಸಕ್ಷನ್ 80-90 ಕಿಲೋಪ್ಯಾಸ್ಕಲ್ ದಾಟಿದರೆ ಅದರೊಳಗೆ ಗುಳ್ಳೆ ಎದ್ದು ಕೈಕೊಡುತ್ತದೆ. ಅದಕ್ಕೇ ನಾವು ಪಕ್ಕದಲ್ಲಿ ಕೈ ಆಗರ್‌ನಿಂದ (ಕೈಯಲ್ಲಿ ತಿರುಗಿಸಿ ಮಣ್ಣು ಕೊರೆಯುವ ಸಾಧನ) ತೂತು ಕೊರೆದು, ಪ್ರತಿ ಅರ್ಧ ಮೀಟರಿಗೆ ಮಣ್ಣು ತೆಗೆದು, ಒಲೆಯಲ್ಲಿ ಒಣಗಿಸಿ ತೂಗಿದೆವು. ವರದಿಯಲ್ಲಿ ಪ್ರತಿ ಪೈಲಿನ ಭಾರದ ಪಕ್ಕದಲ್ಲೇ ಆ ತೇವದ ಅಂಕಿಯನ್ನೂ ಬರೆದೆವು.